ಮುಖ ನೋಡಿದರೆ ಮನಸ್ಸು ಗೊತ್ತಾಗುತ್ತದೆಯೇ?

ಓದುಗರೊಬ್ಬರ ಪತ್ರ, ಸ್ವಲ್ಪ ಚಿಕ್ಕದು ಮಾಡಿ: ‘ಭಾವನೆ ಮತ್ತು ಪೂರ್ವಗ್ರಹದ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿದೆ. ಕೆಲಸಕ್ಕೆ ಬರುವವರ ಸಂದರ್ಶನ ಮಾಡುವುದು ನನ್ನ ವೃತ್ತಿ. ಎದುರಿಗೆ ಕೂತವರ ಮುಖ ನೋಡಿದರೆ ಮನಸ್ಸಿನಲ್ಲೇನಿದೆ ಅಂತ ನನಗೆ ಗೊತ್ತಾಗುತ್ತದೆ. ಗಂಡು ಹೆಣ್ಣು, ಬಡವ ಶ್ರೀಮಂತ ಅಂತ ಭೇದ ಮಾಡುವವನೂ ನಾನಲ್ಲ. ಭಾವನೆಗಳು ಎಲ್ಲರ ಮುಖದಲ್ಲೂ ಒಂದೇ ರೀತಿ ಕಾಣುತ್ತವೆ ಅಂತ ವಿಜ್ಞಾನಿಗಳೇ ತೋರಿಸಿಲ್ಲವೇ? ಹಾಗಿದ್ದ ಮೇಲೆ ಪೂರ್ವಗ್ರಹಕ್ಕೆ ಜಾಗವೆಲ್ಲಿ? ಅಷ್ಟು ಅನುಮಾನವಿದ್ದರೆ ಮುಖದ ಭಾವ ಓದುವ ಸಾಫ್ಟ್‌ವೇರ್ ಇದೆಯಂತೆ. ನಮ್ಮ ಕಚೇರಿಯಲ್ಲೂ ಅದನ್ನು ಕೊಳ್ಳುವ ಮಾತು ನಡೆದಿದೆ. ಅದು ಬಂದರೆ ಸಮಸ್ಯೆ ಮುಗಿಯಿತಲ್ಲ?’

ಸಂಪಾದಕರ ಉತ್ತರ

ಪ್ರಿಯ ಓದುಗರೇ,

ವಿಜ್ಞಾನಿಗಳೇ ತೋರಿಸಿಲ್ಲವೇ ಅಂತ ಕೇಳಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮ್ಮ ಮನಸ್ಸಿನಲ್ಲಿರುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್‌ಮನ್ ಅವರ ಕೆಲಸ ಅಂತ ಕಾಣುತ್ತದೆ. 1960ರ ದಶಕದ ಕೊನೆಯಲ್ಲಿ ಅವರು ಪಪುವಾ ನ್ಯೂಗಿನಿಯ ಬೆಟ್ಟಗಾಡಿನ ಫೋರೆ ಜನರ ಬಳಿ ಹೋದರು. ಆ ಜನಕ್ಕೆ ಆಗ ಹೊರಗಿನವರ ಒಡನಾಟ ತೀರಾ ಕಡಿಮೆ. ಸಿನಿಮಾ ನೋಡಿ ಮುಖಭಾವ ಕಲಿತಿದ್ದಾರೆ ಅನ್ನುವ ಹಾಗಿರಲಿಲ್ಲ. ‘ಇವನ ಮಗು ಸತ್ತುಹೋಗಿದೆ’ ಎಂಬಂಥ ಪುಟ್ಟ ಕಥೆ ಹೇಳುವುದು, ಕೆಲವು ಫೋಟೊ ಮುಂದಿಡುವುದು, ಈ ಕಥೆಗೆ ಹೊಂದುವ ಮುಖ ಯಾವುದು ಅಂತ ಕೇಳುವುದು. ಹೆಚ್ಚಿನವರು ಎಕ್‌ಮನ್ ನಿರೀಕ್ಷಿಸಿದ ಮುಖವನ್ನೇ ತೋರಿಸಿದರು. ಭಯದ ಮುಖ ಯಾವುದು, ಅಚ್ಚರಿಯ ಮುಖ ಯಾವುದು ಅಂತ ಬಿಡಿಸಿ ಹೇಳುವುದು ಮಾತ್ರ ಕಷ್ಟವಾಯಿತು. ಸಿಟ್ಟು, ಹೇಸಿಗೆ, ಭಯ, ಸಂತೋಷ, ದುಃಖ, ಅಚ್ಚರಿ, ಈ ಆರೂ ಎಲ್ಲ ಮನುಷ್ಯರಿಗೂ ಸಮಾನ ಎಂಬ ಮಾತು ಪಠ್ಯಪುಸ್ತಕಗಳಿಗೆ ಸೇರಿದ್ದು ಇಂಥ ಕೆಲಸದಿಂದ.

ತಕರಾರು ಆಮೇಲೆ ಎದ್ದಿತು. ಆ ಫೋಟೊಗಳಲ್ಲಿದ್ದದ್ದು ಬೇಕೆಂದೇ ಎದ್ದುಕಾಣುವಂತೆ ತಂದುಕೊಂಡ ಮುಖಗಳು. ಎರಡು ಮೂರು ಫೋಟೊ ಕೊಟ್ಟು ಒಂದನ್ನು ಆರಿಸಿ ಅಂದರೆ ಊಹೆ ಮಾಡಿಯೂ ಸರಿ ಉತ್ತರ ಕೊಡಬಹುದು. 1994ರಲ್ಲಿ ಜೇಮ್ಸ್ ರಸಲ್ ಈ ಪದ್ಧತಿಯನ್ನೇ ಹಿಡಿದು ಜಗ್ಗಾಡಿದರು. ಕಣ್ಣರಳಿಸಿ ಬಾಯಿ ತೆರೆದ ಮುಖ ಭಯದ್ದು ಅಂತ ನಾವೆಲ್ಲ ಹೇಳುತ್ತೇವೆ, ಅಲ್ವಾ? ಅದೇ ಮುಖವನ್ನು ಟ್ರೋಬ್ರಿಯಾಂಡ್ ದ್ವೀಪದ ಹದಿಹರೆಯದವರು ಹೆದರಿಸುವ, ಸಿಟ್ಟಿನ ಮುಖ ಎಂದು ಗುರುತಿಸಿದರು. ಇದು 2016ರಲ್ಲಿ ಪ್ರಕಟವಾದ ಸಂಶೋಧನೆ. 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ನಾಲ್ವರು ವಿಜ್ಞಾನಿಗಳು ಒಟ್ಟಿಗೆ ಕೂತು ಹಳೆಯ ಸಂಶೋಧನೆಗಳನ್ನೆಲ್ಲ ಜಾಲಾಡಿದರು. ಈ ಐವರ ಅಭಿಪ್ರಾಯ ಮೊದಲಿಗೆ ಒಂದೇ ಆಗಿರಲಿಲ್ಲ. ಕೊನೆಗೆ ಒಪ್ಪಿದ್ದು ಇದನ್ನು: ಸಿಟ್ಟು ಬಂದವರು ಹುಬ್ಬು ಗಂಟಿಕ್ಕುವುದು ಸುಮಾರು ಶೇ 30ರಷ್ಟು ಸಲ ಮಾತ್ರ. ಉಳಿದಂತೆ ಸಿಟ್ಟು ಬಂದಾಗ ಜನ ನಗುತ್ತಾರೆ, ಅಳುತ್ತಾರೆ, ಏನೂ ಆಗದವರಂತೆ ಕೂತಿರುತ್ತಾರೆ. ಹುಬ್ಬು ಗಂಟಿಕ್ಕಿದವರೆಲ್ಲ ಸಿಟ್ಟಾದವರೂ ಅಲ್ಲ. ಸುಮ್ನೆ ಗಮನವಿಟ್ಟು ಯೋಚಿಸುತ್ತಿರಬಹುದು.

ಎಕ್‌ಮನ್ ಪೂರ್ತಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಜಗಳ ಇನ್ನೂ ನಡೆಯುತ್ತಿದೆ, ಎರಡೂ ಕಡೆ ಗಟ್ಟಿಗರೇ ಇದ್ದಾರೆ. ನನಗೆ ಬೇಕಿರುವುದು ಇಷ್ಟೇ: ನಿಮ್ಮೆದುರಿನ ಕುರ್ಚಿಯಲ್ಲಿ ಕೂತವರ ಮುಖ ಅರ್ಧ ಮಾತು ಮಾತ್ರ ಹೇಳುತ್ತದೆ. ಉಳಿದರ್ಧ ತುಂಬುವುದು ನೀವು. 2012ರಲ್ಲಿ ಹಿಲೆಲ್ ಅವಿಯೇಜರ್ ಮತ್ತು ಸಂಗಡಿಗರು ಟೆನಿಸ್ ಆಟಗಾರರ ಫೋಟೊಗಳನ್ನು ತೋರಿಸಿದ್ದರು. ಮಹತ್ವದ ಪಾಯಿಂಟ್ ಗೆದ್ದ ಕ್ಷಣದ್ದು ಕೆಲವು, ಸೋತ ಕ್ಷಣದ್ದು ಕೆಲವು. ಮುಖವೊಂದನ್ನೇ ನೋಡಿದವರಿಗೆ ಗೆದ್ದವರು ಯಾರು, ಸೋತವರು ಯಾರು ಅಂತ ಹೇಳಲಾಗಲಿಲ್ಲ. ಮುಖವಿಲ್ಲದೆ ಮೈ ಮಾತ್ರ ನೋಡಿದವರು ಹೇಳಿಬಿಟ್ಟರು. ಮೈ ಮುಖ ಎರಡನ್ನೂ ನೋಡಿದವರು ಕೂಡ ಸರಿಯಾಗಿಯೇ ಹೇಳಿದರು. ಆದರೆ ಅವರಲ್ಲಿ ಎಷ್ಟೋ ಮಂದಿಗೆ, ತಮಗೆ ಗೊತ್ತಾಗಿದ್ದು ಮುಖದಿಂದ ಎಂಬ ನಂಬಿಕೆ!

ಆ ಉಳಿದರ್ಧವನ್ನು ಯಾವುದರಿಂದ ತುಂಬುತ್ತೇವೆ? ಪೂರ್ವಗ್ರಹಕ್ಕೆ ಜಾಗವೆಲ್ಲಿ ಅಂತ ಕೇಳಿದಿರಲ್ಲ, ಜಾಗ ಇಲ್ಲೇ ಇದೆ. ಒಂದು ಗುಂಪಿನವರೆಲ್ಲ ಹೀಗೇ ಇರುತ್ತಾರೆ ಎಂಬ ಸಿದ್ಧ ಕಲ್ಪನೆ, ಅಂದರೆ ಸ್ಟೀರಿಯೊಟೈಪ್, ತೀರ್ಪು ಹೇಳುವ ಹೊತ್ತಿಗೆ ಬರುತ್ತದೆ ಅಂತ ನಾವು ಎಣಿಸುತ್ತೇವೆ. ಮೊದಲು ಕಣ್ಣು ನೋಡುತ್ತದೆ, ಆಮೇಲೆ ಮನಸ್ಸು ಭೇದ ಮಾಡುತ್ತದೆ ಅಂತ. ಹಾಗಾಗಿ ತೀರ್ಪಿನ ಹೊತ್ತಿಗೆ ಎಚ್ಚರವಿದ್ದರೆ ಸಾಕು ಅನ್ನಿಸುತ್ತದೆ. ಆದರೆ ಆ ಕಲ್ಪನೆ ನೋಟದೊಳಗೇ ಬಂದು ಕೂತಿರುತ್ತದೆ.

ಈ ವಿಷಯದಲ್ಲಿ ನನಗೆ ತುಂಬ ಹಿಡಿಸಿದ ಪ್ರಯೋಗ 1976ರದ್ದು. ಜಾನ್ ಮತ್ತು ಸ್ಯಾಂಡ್ರಾ ಕಾಂಡ್ರಿ ಒಂಬತ್ತು ತಿಂಗಳ ಮಗುವಿನ ವಿಡಿಯೊ ತೋರಿಸಿದರು. ಮುಚ್ಚಳ ತೆರೆದೊಡನೆ ಗೊಂಬೆ ಚಿಮ್ಮುವ ಪೆಟ್ಟಿಗೆಯೊಂದನ್ನು ಮಗುವಿನ ಮುಂದೆ ಇಡುತ್ತಾರೆ. ಮಗು ಬೆಚ್ಚುತ್ತದೆ, ಕೊನೆಗೆ ಅಳುತ್ತದೆ. ನೋಡುವವರಲ್ಲಿ ಕೆಲವರಿಗೆ ಇದು ಗಂಡುಮಗು ಅಂತ ಹೇಳಿದ್ದರು, ಉಳಿದವರಿಗೆ ಹೆಣ್ಣುಮಗು ಅಂತ. ಗಂಡು ಅಂದುಕೊಂಡವರಿಗೆ ಆ ಅಳುವಿನಲ್ಲಿ ಸಿಟ್ಟು ಜಾಸ್ತಿ ಕಂಡಿತು. ಹೆಣ್ಣು ಅಂದುಕೊಂಡವರಿಗೆ ಭಯ ಜಾಸ್ತಿ ಕಂಡಿತು. ಅದೇ ಮಗು, ಅದೇ ಅಳು. ಇವರ್ಯಾರೂ ಹೆಣ್ಣನ್ನು ಕೀಳಾಗಿ ಕಾಣಬೇಕು ಅಂತ ಕೂತವರಲ್ಲ. ಕಂಡದ್ದನ್ನೇ ಹೇಳಿದರು. ಕಂಡದ್ದೇ ಬೇರೆಯಾಗಿತ್ತು.

ಅಂಥದ್ದೇ ಇನ್ನೊಂದು. 2003ರಲ್ಲಿ ಕರ್ಟ್ ಹ್ಯೂಗನ್‌ಬರ್ಗ್ ಮತ್ತು ಗೇಲನ್ ಬೋಡನ್‌ಹೌಸೆನ್ ಅಮೆರಿಕದ ಬಿಳಿಯರಿಗೆ ಕಂಪ್ಯೂಟರ್‌ನಲ್ಲಿ ಮಾಡಿದ ಮುಖಗಳ ತುಣುಕು ತೋರಿಸಿದರು. ಮುಖ ಸಿಟ್ಟಿನಿಂದ ನಿಧಾನವಾಗಿ ನಗುವಿಗೆ ತಿರುಗುತ್ತದೆ. ಸಿಟ್ಟು ಇಳಿದದ್ದು ಯಾವಾಗ ಅಂತ ನೋಡುವವರು ಹೇಳಬೇಕು. ಕಪ್ಪು ಜನರ ಬಗ್ಗೆ ಒಳಗೊಳಗೇ ಪೂರ್ವಗ್ರಹ ಹೆಚ್ಚಿದ್ದವರಿಗೆ ಕಪ್ಪು ಮುಖದಲ್ಲಿ ಸಿಟ್ಟು ಇನ್ನಷ್ಟು ಹೊತ್ತು ಉಳಿದಂತೆ ಕಂಡಿತು. ಬಿಳಿಯ ಮುಖದಲ್ಲಿ ಹಾಗಾಗಲಿಲ್ಲ.

ಈಗ ನಿಮ್ಮ ಕೆಲಸಕ್ಕೇ ಬರುತ್ತೇನೆ. 2008ರಲ್ಲಿ ವಿಕ್ಟೋರಿಯಾ ಬ್ರೆಸ್ಕಾಲ್ ಮತ್ತು ಎರಿಕ್ ಊಲ್ಮನ್ ಉದ್ಯೋಗ ಸಂದರ್ಶನದ ವಿಡಿಯೊಗಳನ್ನು ಮಾಡಿಸಿದರು. ಅಭ್ಯರ್ಥಿ ತನ್ನ ಹಿಂದಿನ ಕೆಲಸದಲ್ಲಿ ಆದ ಒಂದು ನಷ್ಟದ ಬಗ್ಗೆ ಮಾತಾಡುತ್ತಾ, ಆಗ ಸಿಟ್ಟು ಬಂದಿತ್ತು ಅನ್ನುತ್ತಾನೆ ಅಥವಾ ಅನ್ನುತ್ತಾಳೆ. ಸಿಟ್ಟಾದ ಗಂಡಸಿಗೆ ನೋಡುಗರು ಹೆಚ್ಚಿನ ಸ್ಥಾನಮಾನ ಕೊಟ್ಟರು. ಸಿಟ್ಟಾದ ಹೆಂಗಸಿಗೆ ಕಡಿಮೆ ಕೊಟ್ಟರು, ಸಂಬಳವನ್ನೂ ಕಡಿಮೆ ಹೇಳಿದರು. ಅವನ ಸಿಟ್ಟಿಗೆ ಹೊರಗೆ ಏನೋ ಕಾರಣವಿದೆ, ಇವಳ ಸಿಟ್ಟು ಇವಳ ಸ್ವಭಾವ, ಇದು ಅವರ ಲೆಕ್ಕ. ಸಿಟ್ಟಿಗೆ ಹೊರಗಿನ ಕಾರಣವೇನೆಂದು ಅವಳೇ ಬಿಡಿಸಿ ಹೇಳಿದಾಗ ಆ ವ್ಯತ್ಯಾಸ ಕುಗ್ಗಿತು. ನಿಮ್ಮ ಹಳೆಯ ಟಿಪ್ಪಣಿಗಳಲ್ಲಿ ‘ಸ್ವಲ್ಪ ಭಾವುಕಳು’ ಎಂಬ ಮಾತು ಯಾರ ಹೆಸರಿನ ಮುಂದೆಲ್ಲ ಇದೆ ಅಂತ ಒಮ್ಮೆ ನೋಡಿ. ‘ಸ್ವಲ್ಪ ಭಾವುಕ’ ಅಂತ ಎಷ್ಟು ಕಡೆ ಇದೆ ಅಂತಲೂ ನೋಡಿ.

‘ನಾನು ಭೇದ ಮಾಡುವವನಲ್ಲ’ ಅಂದಿರಿ. ನಂಬುತ್ತೇನೆ. ತೊಂದರೆ ಏನೆಂದರೆ, ಭೇದ ಮಾಡಬಾರದು ಎಂಬ ಮನಸ್ಸಿದ್ದವರೇ ಸಿಕ್ಕಿಬಿದ್ದ ಪ್ರಯೋಗಗಳಿವೆ. ಜಾನ್ ಡಾರ್ಲಿ ಮತ್ತು ಪ್ಯಾಗೆಟ್ ಗ್ರಾಸ್ 1983ರಲ್ಲಿ ಒಬ್ಬಳು ಶಾಲಾ ಹುಡುಗಿಯ ವಿಡಿಯೊ ತೋರಿಸಿದರು. ಕೆಲವರಿಗೆ ಅವಳು ಶ್ರೀಮಂತರ ಬಡಾವಣೆಯವಳು, ಕೆಲವರಿಗೆ ಬಡವರ ಬಡಾವಣೆಯವಳು. ಇಷ್ಟನ್ನೇ ನೋಡಿದವರು ಓದಿನಲ್ಲಿ ಅವಳು ಹೇಗೆ ಅಂತ ಕೇಳಿದಾಗ ಹೆಚ್ಚುಕಡಿಮೆ ಒಂದೇ ಅಂದಾಜು ಕೊಟ್ಟರು. ಬಡತನ ನೋಡಿ ಬುದ್ಧಿ ಅಳೆಯಬಾರದು ಅಂತ ಅವರಿಗೂ ಗೊತ್ತಿತ್ತು. ಇನ್ನು ಕೆಲವರಿಗೆ ಇದರ ಜೊತೆಗೆ ಅವಳು ಪರೀಕ್ಷೆಗೆ ಉತ್ತರ ಕೊಡುವುದನ್ನೂ ತೋರಿಸಿದರು. ಕಷ್ಟದ ಪ್ರಶ್ನೆಗೆ ಸರಿ ಉತ್ತರ, ಸುಲಭದ್ದಕ್ಕೆ ತಪ್ಪು, ಹೀಗೆ ಬೆರೆತಿತ್ತು. ಈಗ ಎರಡು ಗುಂಪೂ ದೂರ ಸರಿದವು. ಶ್ರೀಮಂತ ಹುಡುಗಿ ತರಗತಿಗಿಂತ ಮುಂದಿದ್ದಾಳೆ, ಬಡ ಹುಡುಗಿ ಹಿಂದಿದ್ದಾಳೆ! ಇಬ್ಬರ ವಿಷಯದಲ್ಲೂ ಸಾಕ್ಷಿ ಅದೇ ಪರೀಕ್ಷೆ. ಅಂದರೆ ಸಾಕ್ಷಿ ಸಿಗುವವರೆಗೂ ಅವರು ಬಾಯಿ ಬಿಗಿಹಿಡಿದಿದ್ದರು. ಸಾಕ್ಷಿ ಸಿಕ್ಕ ಕೂಡಲೇ ಮೊದಲೇ ಇದ್ದ ಕಲ್ಪನೆಗೆ ಅದನ್ನು ದುಡಿಸಿಕೊಂಡರು. ಸಂದರ್ಶನವೂ ಇಂಥದ್ದೇ ಒಂದು ಸಾಕ್ಷಿ, ಎರಡು ರೀತಿ ಓದಬಹುದಾದದ್ದು.

ಹಾಗಾದರೆ ಆ ಕಲ್ಪನೆಯನ್ನು ತಲೆಯೊಳಗೆ ಬಿಟ್ಟುಕೊಳ್ಳುವುದೇ ಇಲ್ಲ ಅನ್ನುತ್ತೀರಾ? 1994ರಲ್ಲಿ ನೀಲ್ ಮ್ಯಾಕ್ರೇ ಮತ್ತು ಸಂಗಡಿಗರು ಅದನ್ನೂ ಪರೀಕ್ಷಿಸಿದರು. ಒಂದು ಫೋಟೊ ನೋಡಿ ಆ ಮನುಷ್ಯನ ಒಂದು ದಿನ ಬರೆಯಿರಿ, ಸಿದ್ಧ ಕಲ್ಪನೆ ಬೇಡ ಅಂತ ಅರ್ಧ ಜನಕ್ಕೆ ಹೇಳಿದರು. ಬರೆದರು, ಚೆನ್ನಾಗಿಯೇ ಬರೆದರು. ಅದಾದ ಮೇಲೆ ಇನ್ನೊಂದು ಫೋಟೊ ಕೊಟ್ಟಾಗ, ತಡೆದುಕೊಂಡಿದ್ದವರ ಬರಹದಲ್ಲೇ ಸಿದ್ಧ ಕಲ್ಪನೆ ಜಾಸ್ತಿಯಿತ್ತು.

ಇನ್ನು ಸಂದರ್ಶನ ಮಾಡುವವರ ಭಾವನೆ. ಇದನ್ನು ಯಾರೂ ಕೇಳುವುದಿಲ್ಲ. ಬೋಡನ್‌ಹೌಸೆನ್ ತಂಡ 1994ರಲ್ಲೇ ಇದನ್ನು ನೋಡಿತ್ತು. ಸಿಟ್ಟಿನಲ್ಲಿದ್ದವರು ಸಿದ್ಧ ಕಲ್ಪನೆಗೆ ಹೆಚ್ಚು ಜೋತುಬಿದ್ದರು, ಅದೇನೂ ಆಶ್ಚರ್ಯವಲ್ಲ. ಖುಷಿಯಲ್ಲಿದ್ದವರೂ ಅದನ್ನೇ ಮಾಡಿದರು. ದುಃಖದಲ್ಲಿದ್ದವರು ಹಾಗೆ ಮಾಡಲಿಲ್ಲ. ಹಾಗಂತ ಅಳುಮುಖ ಹಾಕಿಕೊಂಡು ಸಂದರ್ಶನಕ್ಕೆ ಕೂರಿ ಅಂತ ಹೇಳಲಾರೆ. ಆದರೆ ಅದೇ ಕೆಲಸದಲ್ಲಿ ಇನ್ನೊಂದು ಉಪಯೋಗದ ಸಂಗತಿಯಿತ್ತು. ನಿಮ್ಮ ತೀರ್ಪಿಗೆ ಆಮೇಲೆ ಕಾರಣ ಹೇಳಬೇಕಾಗುತ್ತದೆ ಅಂತ ಮೊದಲೇ ತಿಳಿಸಿದ್ದರೆ, ಖುಷಿಯವರ ಆ ಒಲವು ಕಾಣಲಿಲ್ಲ.

ಈ ಎಲ್ಲ ಪ್ರಯೋಗಗಳನ್ನೂ ಒಂದೇ ತೂಕದಲ್ಲಿ ತೆಗೆದುಕೊಳ್ಳಬೇಡಿ. 2015ರಲ್ಲಿ ಮನಶ್ಶಾಸ್ತ್ರದ 100 ಸಂಶೋಧನೆಗಳನ್ನು ಮತ್ತೆ ಮಾಡಿ ನೋಡಿದಾಗ ಅರ್ಧಕ್ಕಿಂತ ಕಡಿಮೆಯವುಗಳಲ್ಲಿ ಮಾತ್ರ ಹಳೆಯ ಫಲಿತಾಂಶವೇ ಮತ್ತೆ ಬಂತು. ಹಲ್ಲಿನಲ್ಲಿ ಪೆನ್ ಕಚ್ಚಿಕೊಂಡು ಮುಖ ನಗುವಂತಾದರೆ ಕಾರ್ಟೂನು ಹೆಚ್ಚು ತಮಾಷೆಯಾಗಿ ಕಾಣುತ್ತದೆ ಎಂಬ ಹೆಸರಾಂತ ಪ್ರಯೋಗವೂ 2016ರಲ್ಲಿ 17 ಪ್ರಯೋಗಾಲಯಗಳು ಸೇರಿ ಮಾಡಿದಾಗ ಕೈಕೊಟ್ಟಿತು. ಮೇಲೆ ಹೇಳಿದವುಗಳಲ್ಲಿ ಹಲವು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದಂಥವು. ಒಂದೊಂದರ ಮೇಲೂ ಪೂರ್ತಿ ಭಾರ ಹಾಕಬಾರದು. ಬೇರೆ ಬೇರೆ ದಾರಿಯಿಂದ ಬಂದು ಒಂದೇ ಕಡೆ ಸೇರುತ್ತಿವೆ ಎಂಬುದಕ್ಕೆ ನಾನು ಬೆಲೆ ಕೊಡುತ್ತೇನೆ. ನಿಮ್ಮ ಪರವಾಗಿಯೂ ಒಂದು ಮಾತಿದೆ. ಒಬ್ಬರ ಬಗ್ಗೆ ಖಚಿತವಾದ ಮಾಹಿತಿ ಹೆಚ್ಚಾದಷ್ಟೂ ಗುಂಪಿನ ಬಗ್ಗೆ ಇರುವ ಕಲ್ಪನೆಯ ಹಿಡಿತ ಸಡಿಲವಾಗುತ್ತದೆ. ಅದಕ್ಕೂ ಸಾಕಷ್ಟು ಆಧಾರವಿದೆ.

ಸಂದರ್ಶನ ಮಾಡಿ ಮಾಡಿ ಬಂದ ಅನುಭವದ ಮಾತಿಗೆ ಬಂದರೆ, ಜೇಸನ್ ಡಾನಾ ಮತ್ತು ಸಂಗಡಿಗರ 2013ರ ಕೆಲಸ ನಿಮ್ಮ ಸಹೋದ್ಯೋಗಿಗಳಿಗೂ ಹೇಳುವಂಥದ್ದು. ಹೌದು ಅಥವಾ ಇಲ್ಲ ಎಂಬ ಉತ್ತರವನ್ನು ಮನಸ್ಸಿಗೆ ಬಂದಂತೆ ಅಲ್ಲ, ಒಂದು ಗುಟ್ಟಿನ ಸೂತ್ರದ ಪ್ರಕಾರ ಹೇಳಿ ಅಂತ ಸಂದರ್ಶನಕ್ಕೆ ಬಂದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ತಿಳಿಸಿದ್ದರು. ಅಂದರೆ ಉತ್ತರಗಳಿಗೂ ಆ ಮನುಷ್ಯನಿಗೂ ಸಂಬಂಧವೇ ಇಲ್ಲ. ಆದರೂ ಪ್ರಶ್ನೆ ಕೇಳಿದವರಿಗೆ ತಾವು ಅವರನ್ನು ಚೆನ್ನಾಗಿ ಅರಿತೆವು ಅನ್ನಿಸಿತು. ಅವರ ಮುಂದಿನ ಅಂಕಗಳನ್ನು ಊಹಿಸುವುದರಲ್ಲಿ, ಸಂದರ್ಶನವಿಲ್ಲದೆ ಹಳೆಯ ಅಂಕ ನೋಡಿ ಹೇಳಿದವರೇ ಮುಂದಿದ್ದರು.

ಹಾಗಾದರೆ ಏನು ಮಾಡಬೇಕು? ಊಹಿಸುವುದಕ್ಕಿಂತ ಕೇಳುವುದು ಮೇಲು. ತಾಲ್ ಇಯಾಲ್, ಮೇರಿ ಸ್ಟೆಫೆಲ್, ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ 25 ಪ್ರಯೋಗಗಳು ಹೇಳಿದ್ದು ಇದನ್ನೇ. ಎದುರಿನವರ ಜಾಗದಲ್ಲಿ ನಿಂತು ಯೋಚಿಸಿದರೆ ಅವರ ಮನಸ್ಸು ಹೆಚ್ಚು ಸರಿಯಾಗಿ ಗೊತ್ತಾಗುವುದೇನಿಲ್ಲ. ಅವರನ್ನೇ ಕೇಳಿದರೆ ಗೊತ್ತಾಗುತ್ತದೆ. ‘ಈ ಪ್ರಶ್ನೆಗೆ ನಿಮ್ಮ ಮುಖ ಬಾಡಿತಲ್ಲ, ಯಾಕೆ?’ ಅಂತ ಕೇಳಿಬಿಡಿ. ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮದಲ್ಲಿ. ಪ್ರತಿ ಉತ್ತರಕ್ಕೂ ಅಲ್ಲಲ್ಲೇ ಅಂಕ ಕೊಟ್ಟು, ಪಕ್ಕದಲ್ಲಿ ಕಾರಣ ಬರೆಯಿರಿ. ಹೀಗೆ ಕಟ್ಟುನಿಟ್ಟಾಗಿ ಮಾಡಿದ ಸಂದರ್ಶನ, ಹರಟೆಯ ರೀತಿಯದ್ದಕ್ಕಿಂತ ಮುಂದಿನ ಕೆಲಸವನ್ನು ಚೆನ್ನಾಗಿ ಅಂದಾಜು ಮಾಡುತ್ತದೆ. ಸ್ವಲ್ಪ ಬೇಸರದ ಕೆಲಸ, ಒಪ್ಪುತ್ತೇನೆ.

ಸಾಫ್ಟ್‌ವೇರ್ ಮಾತ್ರ ಬೇಡ. ಅದಕ್ಕೆ ಕಲಿಸುವುದು ಮನುಷ್ಯರು ‘ಇದು ಸಿಟ್ಟು, ಇದು ನಗು’ ಅಂತ ಗುರುತು ಹಾಕಿದ ಫೋಟೊಗಳಿಂದಲೇ. ನಮ್ಮ ನೋಟದಲ್ಲಿದ್ದದ್ದು ಅದಕ್ಕೂ ಬರುತ್ತದೆ. 2018ರಲ್ಲಿ ಲಾರೆನ್ ರೂ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರರ ಫೋಟೊಗಳನ್ನು ಇಂಥ ಎರಡು ವ್ಯವಸ್ಥೆಗಳಿಗೆ ಕೊಟ್ಟು ನೋಡಿದರು. ಎರಡೂ ಕಪ್ಪು ಆಟಗಾರರ ಮುಖದಲ್ಲಿ ಬಿಳಿಯರಿಗಿಂತ ಹೆಚ್ಚು ಕೆಟ್ಟ ಭಾವನೆ ಕಂಡವು. ವಿಡಿಯೊ ಸಂದರ್ಶನದ ಹೈರ್‌ವ್ಯೂ ಕಂಪನಿ ಮುಖ ವಿಶ್ಲೇಷಣೆ ಕೈಬಿಟ್ಟದ್ದಾಗಿ 2021ರಲ್ಲಿ ಹೇಳಿತು. ಮುಖ ನೋಡಿ ಭಾವನೆ ಹೇಳುವ ಸೌಲಭ್ಯವನ್ನು ಹಿಂತೆಗೆಯುವುದಾಗಿ ಮೈಕ್ರೊಸಾಫ್ಟ್ 2022ರಲ್ಲಿ ಪ್ರಕಟಿಸಿತು. ಯುರೋಪಿಯನ್ ಒಕ್ಕೂಟದಲ್ಲಂತೂ ಕೆಲಸದ ಜಾಗದಲ್ಲಿ ಇದರ ಬಳಕೆಗೆ 2025ರ ಫೆಬ್ರುವರಿಯಿಂದ ನಿಷೇಧವಿದೆ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ. ನಿಮ್ಮ ಕಚೇರಿ ಇಷ್ಟಾದರೂ ಕೊಳ್ಳಲು ಹೊರಟರೆ, ಮಾರುವವರನ್ನು ಇದೊಂದು ಕೇಳಿ: ಆ ಫೋಟೊಗಳಲ್ಲಿದ್ದವರಿಗೆ ನಿಜವಾಗಿ ಏನನ್ನಿಸುತ್ತಿತ್ತು ಅಂತ ಅವರನ್ನೇ ಯಾರಾದರೂ ಕೇಳಿದ್ದರಾ? ಉತ್ತರ ಬಂದರೆ ನಮಗೂ ಬರೆದು ತಿಳಿಸಿ.

— ಸಂಪಾದಕ