ಸಿಂಧನೂರಲ್ಲಿ ಒಂದು ದಿನ

ಸಿಂಧನೂರಲ್ಲಿ ಒಂದೇ ದಿನ ಇರ್ತೀನಿ, ಏನು ನೋಡಲಿ, ಏನು ತಿನ್ನಲಿ ಅಂತ ಕೇಳಿದ್ದೀರಿ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಬೆಳೆದ, ರಾಯಚೂರು ಜಿಲ್ಲೆಯ ಊರು ಇದು. ಭತ್ತ ಬೆಳೆಯಲು ಆಂಧ್ರದವರು ಬಂದು ಕ್ಯಾಂಪ್ ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಇಲ್ಲೇ ನೆಲೆ ಸಿಕ್ಕಿತು. ಅವರ ಊರುಗಳಿಗೆ ಆರ್‌ಎಚ್ ಕ್ಯಾಂಪ್, ಅಂದರೆ ಪುನರ್ವಸತಿ ಕ್ಯಾಂಪ್ ಅಂತಾರೆ. ದಸರೆ ಹೊತ್ತಿಗೆ ಬಂದರೆ ಅಲ್ಲಿ ದುರ್ಗಾ ಪೂಜೆ ನೋಡಬಹುದು.

ಬೆಳಿಗ್ಗೆ ಮಂಡಾಳ (ಮಂಡಕ್ಕಿ) ಒಗ್ಗರಣೆ, ಬಿಸಿ ಮಿರ್ಚಿ ಬಜ್ಜಿ ತಪ್ಪಿಸಬೇಡಿ. ಮಧ್ಯಾಹ್ನ ಜೋಳದ ರೊಟ್ಟಿ ಜತೆ ಪುಂಡಿಪಲ್ಯ. ಅದೇ ಸೊಪ್ಪು ಆಂಧ್ರ ಮೆಸ್ಸಿನಲ್ಲಿ ಗೋಂಗೂರ ಚಟ್ನಿಯಾಗಿ ಅನ್ನದ ಜತೆ ಬರುತ್ತದೆ. ಎರಡನ್ನೂ ತಿಂದು ನೋಡಿ. ನನಗೆ ಈ ಊರು ಅರ್ಥವಾಗಿದ್ದೇ ಹಾಗೆ.

ಟೈಮ್ ಉಳಿದರೆ ಹತ್ತಿರದ ಮಸ್ಕಿಗೆ ಹೋಗಿ ಬನ್ನಿ. ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕಿದ್ದು ಅಲ್ಲೇ. ಏಪ್ರಿಲ್, ಮೇ ಮಾತ್ರ ಬೇಡ, ಬಿಸಿಲು ತುಂಬಾ ಜಾಸ್ತಿ.