ಮೆರೊಪೆನೆಮ್ ಕೊಟ್ಟರೂ ಜ್ವರ ಇಳಿಯುತ್ತಿಲ್ಲ, ಏಕೆ?

ಪ್ರಶ್ನೆ: ಅಮ್ಮನಿಗೆ ಕೀಮೋಥೆರಪಿಗೆಂದು ಎದೆಯ ರಕ್ತನಾಳಕ್ಕೆ ಕ್ಯಾತಿಟರ್ (ಔಷಧ ಬಿಡುವ ನಳಿಕೆ) ಹಾಕಿದ್ದಾರೆ. ಅದರಲ್ಲಿ ಔಷಧ ಬಿಟ್ಟ ಸ್ವಲ್ಪ ಹೊತ್ತಿಗೆಲ್ಲ ಚಳಿ ನಡುಕ ಬಂದು ಜ್ವರ ಏರುತ್ತದೆ. ಮೆರೊಪೆನೆಮ್ ಎಂಬ ಆಂಟಿಬಯಾಟಿಕ್ ಶುರುಮಾಡಿ ಮೂರು ದಿನವಾದರೂ ಇಳಿದಿಲ್ಲ. ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಬ್ಲಡ್ ಕಲ್ಚರ್‌ನಲ್ಲಿ ‘ಸ್ಟೆನೊಟ್ರೊಫೊಮೊನಾಸ್ ಮಾಲ್ಟೊಫಿಲಿಯಾ’ ಎಂಬ ಬ್ಯಾಕ್ಟೀರಿಯಾ ಬಂದಿದೆ. ಕ್ಯಾತಿಟರ್ ತೆಗೆಯಬೇಕಂತೆ. ಬೇರೆ ದಾರಿ ಇಲ್ಲವೇ?

ಉತ್ತರ: ತೆಗೆಸುವುದೇ ಒಳ್ಳೆಯದು, ತಡಮಾಡಬೇಡಿ. ಈ ಬ್ಯಾಕ್ಟೀರಿಯಾ ಆರೋಗ್ಯವಂತರನ್ನು ಕಾಡುವುದು ಅಪರೂಪ. ಆದರೆ ಪ್ಲಾಸ್ಟಿಕ್ ನಳಿಕೆಯ ಒಳಗೋಡೆಗೆ ಲೋಳೆಯ ಪದರ ಕಟ್ಟಿಕೊಂಡು ಕೂರುತ್ತದೆ. ಔಷಧ ಆ ಪದರದೊಳಗೆ ಸರಿಯಾಗಿ ಕೆಲಸ ಮಾಡದು. ಫ್ಲಶ್ ಮಾಡಿದಾಗಲೆಲ್ಲ (ದ್ರಾವಣ ಬಿಟ್ಟು ನಳಿಕೆ ತೊಳೆದಾಗ) ಬ್ಯಾಕ್ಟೀರಿಯಾ ಕಳಚಿ ರಕ್ತಕ್ಕೆ ಸೇರುತ್ತವೆ, ಆಗಲೇ ಆ ನಡುಕ.

ಮೆರೊಪೆನೆಮ್ ಸೋಲಲು ಕಾರಣ ಬೇರೆ. ಅದನ್ನು ಒಡೆಯುವ ಕಿಣ್ವ ಈ ಬ್ಯಾಕ್ಟೀರಿಯಾದಲ್ಲಿ ಹುಟ್ಟಿನಿಂದಲೇ ಇದೆ. ಡೋಸ್ ಹೆಚ್ಚಿಸಿ ಫಲವಿಲ್ಲ. ಸಾಮಾನ್ಯವಾಗಿ ಬಳಸುವುದು ಕೋಟ್ರೈಮೊಕ್ಸಜೋಲ್, ಮಿನೊಸೈಕ್ಲಿನ್, ಲಿವೊಫ್ಲಾಕ್ಸಸಿನ್. ಸೋಂಕು ತೀವ್ರವಾಗಿದ್ದರೆ ಮೊದಲಿಗೆ ಎರಡನ್ನು ಜೊತೆಯಾಗಿ ಕೊಡುವುದುಂಟು. ಕೋಟ್ರೈಮೊಕ್ಸಜೋಲ್ ಕೊಡುವಾಗ ಪೊಟ್ಯಾಶಿಯಂ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ಅಂಶ), ರಕ್ತಕಣಗಳ ಎಣಿಕೆ ನೋಡುತ್ತಲೇ ಇರಬೇಕು. ಕೀಮೋದಿಂದ ಕಣಗಳು ಈಗಾಗಲೇ ಕುಸಿದಿರುತ್ತವೆ.

ಕ್ಯಾತಿಟರ್ ತೆಗೆದ ಮೇಲೆ ಮತ್ತೆ ಕಲ್ಚರ್ ಮಾಡಿಸಿ. ಚಿಕಿತ್ಸೆಯ ದಿನಗಳನ್ನು ಎಣಿಸುವುದು ಮೊದಲ ನೆಗೆಟಿವ್ ಕಲ್ಚರ್‌ನಿಂದ. ತೊಡಕಿಲ್ಲದಿದ್ದರೆ ಸಾಮಾನ್ಯವಾಗಿ 7ರಿಂದ 14 ದಿನ. ಸರಿಯಾದ ಔಷಧ ಕೊಟ್ಟು, ನಳಿಕೆ ತೆಗೆದು 72 ಗಂಟೆ ಕಳೆದರೂ ಬ್ಯಾಕ್ಟೀರಿಯಾ ಬರುತ್ತಿದ್ದರೆ ಹೃದಯದ ಕವಾಟಕ್ಕೆ ಎಕೋ, ರಕ್ತನಾಳದ ಹೆಪ್ಪಿಗೆ ಸ್ಕ್ಯಾನ್ ಅಗತ್ಯ.

ಪ್ರಶ್ನೆ: ಇಂಥ ಅಪರೂಪದ ಹೆಸರು ಬಂದಾಗ ಅದು ನಿಜವಾದ ಸೋಂಕೋ, ಸ್ಯಾಂಪಲ್ ಕೆಟ್ಟದ್ದೋ ತಿಳಿಯುವುದು ಹೇಗೆ?

ಉತ್ತರ: ಒಂದೇ ಕಲ್ಚರ್ ಬಾಟಲಿಯಿಂದ ತೀರ್ಮಾನಿಸಬಾರದು. ಆಂಟಿಬಯಾಟಿಕ್ ಶುರುಮಾಡುವ ಮೊದಲೇ ಕ್ಯಾತಿಟರ್‌ನಿಂದ ಒಂದು ಸೆಟ್, ತೋಳಿನ ರಕ್ತನಾಳದಿಂದ ಇನ್ನೊಂದು ಸೆಟ್ ತೆಗೆಯಬೇಕು. ದೊಡ್ಡವರಿಗೆ ಬಾಟಲಿಗೆ 8ರಿಂದ 10 ಮಿಲಿ ರಕ್ತ. ಕಡಿಮೆಯಾದರೆ ಇದ್ದ ಸೋಂಕೂ ಕಾಣದೆ ಹೋಗಬಹುದು. ಎರಡರಲ್ಲೂ ಅದೇ ಬ್ಯಾಕ್ಟೀರಿಯಾ ಬೆಳೆದರೆ ಸೋಂಕು ನಿಜವೆನ್ನಲು ಬಲವಾದ ಆಧಾರ. ಕ್ಯಾತಿಟರ್‌ನ ಬಾಟಲಿ ಕನಿಷ್ಠ 120 ನಿಮಿಷ ಮೊದಲೇ ಪಾಸಿಟಿವ್ ಆದರೆ ಮೂಲ ನಳಿಕೆಯೇ ಇರಬೇಕು. ಈ ಹೋಲಿಕೆಗೆ ಎರಡು ಕಡೆಯಿಂದಲೂ ಅಷ್ಟೇ ರಕ್ತ, ಒಂದೇ ಹೊತ್ತಿನಲ್ಲಿ ತೆಗೆದಿರಬೇಕು.

ಒಂದೇ ವಾರ್ಡಿನ ಹಲವರಲ್ಲಿ ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ ಅಥವಾ ರಾಲ್ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ ಬಂದರೆ ಸಲೈನ್, ಫ್ಲಶ್ ದ್ರಾವಣ, ಆಂಟಿಸೆಪ್ಟಿಕ್ ಎಲ್ಲವನ್ನೂ ಅನುಮಾನಿಸಬೇಕು. ಬರ್ಕ್‌ಹೋಲ್ಡೇರಿಯಾ ಕೆಲವು ಆಂಟಿಸೆಪ್ಟಿಕ್‌ಗಳಲ್ಲೇ ಬದುಕಿರಬಲ್ಲದು! ಇವೆಲ್ಲ ನೀರಿನ ಬ್ಯಾಕ್ಟೀರಿಯಾ. ಸ್ನಾನಕ್ಕೆ ಮೊದಲು ಕ್ಯಾತಿಟರ್‌ನ ತುದಿಯನ್ನು ನೀರು ತಾಗದಂತೆ ಮುಚ್ಚಿ. ಬಳಸುವ ಮುನ್ನ ಶೇ 70ರ ಆಲ್ಕೋಹಾಲ್‌ನಿಂದ ಹಬ್ (ಸಿರಿಂಜ್ ಜೋಡಿಸುವ ತುದಿ) ಅನ್ನು 15 ಸೆಕೆಂಡ್ ಉಜ್ಜಿ, ಪೂರ್ತಿ ಒಣಗಲು ಬಿಡಿ. ತೆರೆದ ಸಲೈನನ್ನು ಮುಂದಿನ ಸಲಕ್ಕೆಂದು ಎತ್ತಿಡಬೇಡಿ.