ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಪ್ರಶ್ನೆ: ಬಿಡಿಭಾಗ ತಂದು ನಾನೇ ಡೆಸ್ಕ್‌ಟಾಪ್ ಜೋಡಿಸಿದ್ದೇನೆ. ರೈಝನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್, ಬೇರೆಯಾಗಿ ಗ್ರಾಫಿಕ್ಸ್ ಕಾರ್ಡ್. ಬಟನ್ ಒತ್ತಿದರೆ ಫ್ಯಾನ್‌ಗಳೆಲ್ಲ ತಿರುಗುತ್ತವೆ, ಮಾನಿಟರ್‌ನಲ್ಲಿ ಮಾತ್ರ 'ನೋ ಸಿಗ್ನಲ್'. ಅರ್ಧ ನಿಮಿಷ ನೋಡಿ ಆಫ್ ಮಾಡುತ್ತೇನೆ. ಹತ್ತು ಸಲ ಹೀಗೇ ಆಯಿತು, ಬೋರ್ಡಿನ ಪುಟ್ಟ ಬ್ಯಾಟರಿ ಕೂಡ ತೆಗೆದು ಹಾಕಿ ನೋಡಿದೆ. ಬೋರ್ಡ್ ಹೋಗಿದೆಯೇ?

ಉತ್ತರ: ಅಷ್ಟು ಬೇಗ ಬೋರ್ಡಿನ ಮೇಲೆ ತಪ್ಪು ಹೊರಿಸಬೇಡಿ. ನೀವು ಬರೆದ 'ಅರ್ಧ ನಿಮಿಷ'ದಲ್ಲೇ ಉತ್ತರ ಇರಬಹುದು. ಡಿಡಿಆರ್5 ಬೋರ್ಡ್ ಮೊದಲ ಸಲ ಆನ್ ಆದಾಗ ರ‍್ಯಾಮ್ ಜೊತೆ ಯಾವ ಸಮಯಕ್ಕೆ, ಯಾವ ವೋಲ್ಟೇಜಿನಲ್ಲಿ ಮಾತಾಡಬೇಕೆಂದು ತಾನೇ ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಅದು ಮುಗಿಯುವ ತನಕ ಪರದೆಯಲ್ಲಿ ಏನೂ ಬರುವುದಿಲ್ಲ. 32 ಜಿಬಿಗೆ ಕೆಲವು ನಿಮಿಷ ಸಾಕಾಗುತ್ತದೆ, ರ‍್ಯಾಮ್ ಹೆಚ್ಚಿದಷ್ಟೂ ಕಾಯುವುದೂ ಹೆಚ್ಚು. ನಡುವೆ ಒಂದೆರಡು ಸಲ ತಾನಾಗಿಯೇ ರೀಸ್ಟಾರ್ಟ್ ಆದರೂ ಗಾಬರಿಯಾಗಬೇಕಿಲ್ಲ. ನೀವು ಅರ್ಧಕ್ಕೇ ಆಫ್ ಮಾಡಿದಾಗಲೆಲ್ಲ ಆ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬ್ಯಾಟರಿ ತೆಗೆದರೂ ಅಷ್ಟೇ, ರ‍್ಯಾಮ್ ಸ್ಲಾಟ್ ಬದಲಿಸಿದರೂ ಅಷ್ಟೇ. ಆದ್ದರಿಂದ ಒಮ್ಮೆ ಆನ್ ಮಾಡಿ, 15 ನಿಮಿಷ ಕೈ ಹಚ್ಚದೆ ಬಿಡಿ.

ಅಷ್ಟಾದರೂ ಪರದೆ ಕಪ್ಪಾಗಿಯೇ ಇದ್ದರೆ ಬೋರ್ಡಿನ ಅಂಚಿನಲ್ಲಿ, ಸಾಮಾನ್ಯವಾಗಿ 24 ಪಿನ್‌ನ ದಪ್ಪ ಕನೆಕ್ಟರಿನ ಹತ್ತಿರ, ನಾಲ್ಕು ಪುಟ್ಟ ಎಲ್‌ಇಡಿ ಇವೆಯೇ ನೋಡಿ. ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ (ಅಂದರೆ ಕ್ರಮವಾಗಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ವಿಂಡೋಸ್ ಇರುವ ಡ್ರೈವ್) ಎಂದು ಅಚ್ಚಾಗಿರುತ್ತದೆ. ಯಾವುದು ಆರದೆ ಉಳಿಯುತ್ತದೋ ಕೆಲಸ ಅಲ್ಲಿ ನಿಂತಿದೆ ಎಂದರ್ಥ. ಬಣ್ಣ ನಂಬಬೇಡಿ, ಅಕ್ಷರ ಓದಿ.

ಡಿರ‍್ಯಾಮ್ ದೀಪ ನಿಂತಿದ್ದರೆ ಪವರ್ ಸಪ್ಲೈ ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಉಳಿದ ಚಾರ್ಜ್ ಇಳಿಯಲೆಂದು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಎರಡೂ ರ‍್ಯಾಮ್ ತೆಗೆದು, ಒಂದನ್ನು ಮಾತ್ರ ಎ2 ಸ್ಲಾಟಿಗೆ ಹಾಕಿ; ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಅದು ಪ್ರೊಸೆಸರ್ ಕಡೆಯಿಂದ ಎರಡನೆಯದು. ಅನೇಕ ಬೋರ್ಡುಗಳಲ್ಲಿ ಕೊಕ್ಕೆ ಒಂದೇ ಬದಿಗಿರುತ್ತದೆ. ಆ ಬದಿ 'ಟಕ್' ಎಂದಿತೆಂದು ಇನ್ನೊಂದು ತುದಿಯನ್ನು ಮರೆಯುವವರೇ ಹೆಚ್ಚು. ಪಕ್ಕದಿಂದ ಕಣ್ಣಿಟ್ಟು ನೋಡಿ: ಒಂದು ತುದಿಯಲ್ಲಿ ಚಿನ್ನದ ಬಣ್ಣದ ಗೀಟುಗಳು ಇನ್ನೂ ಇಣುಕುತ್ತಿದ್ದರೆ ಅದು ಕೂತಿಲ್ಲ. ಒಂದು ಕಡ್ಡಿಯಲ್ಲಿ ಆನ್ ಆಯಿತೆಂದರೆ ಎರಡನೆಯದನ್ನು ಬಿ2ಗೆ ಸೇರಿಸಿ. ಪ್ರತಿ ಬದಲಾವಣೆಗೂ ಟ್ರೈನಿಂಗಿನ ಕಾಯುವಿಕೆ ಇದ್ದೇ ಇದೆ. ಎಕ್ಸ್‌ಪೋ (ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಮಾಡುವ ಆಸೆಯನ್ನು ಎಲ್ಲ ಸರಿಹೋದ ಮೇಲೆ ತೀರಿಸಿಕೊಳ್ಳಿ.

ಸಿಪಿಯು ದೀಪವಾದರೆ ಬೋರ್ಡಿನ ಮೇಲ್ತುದಿಯ 8 ಪಿನ್ ಕನೆಕ್ಟರ್ ನೋಡಿ. ಅದು ಖಾಲಿಯಿದ್ದರೂ ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ. ಪ್ರೊಸೆಸರಿಗೆ ಮಾತ್ರ ಕರೆಂಟಿಲ್ಲ. ಅಲ್ಲಿಗೆ ಬೇಕಾದದ್ದು 4+4 ಆಗಿ ಸೀಳುವ, ಸಿಪಿಯು ಎಂದು ಬರೆದ ಕೇಬಲ್. 6+2 ಆಗಿ ಸೀಳುವುದು ಗ್ರಾಫಿಕ್ಸ್ ಕಾರ್ಡಿನದು. ಅದು ಕೂರದಿದ್ದರೆ ಬಲ ಹಾಕಿ ತುರುಕಬೇಡಿ.

ವಿಜಿಎ ದೀಪಕ್ಕೆ ನಿಮ್ಮಲ್ಲಿ ಸುಲಭದ ದಾರಿಯಿದೆ. 7600ರೊಳಗೇ ಪುಟ್ಟ ಗ್ರಾಫಿಕ್ಸ್ ಇದೆ. ಕಾರ್ಡ್ ತೆಗೆದಿಟ್ಟು ಎಚ್‌ಡಿಎಂಐ ಕೇಬಲನ್ನು ಬೋರ್ಡಿಗೇ ಸಿಕ್ಕಿಸಿ. ಚಿತ್ರ ಬಂದರೆ ತಕರಾರು ಕಾರ್ಡಿನದು, ಇಲ್ಲವೇ ಅದರ ಪವರ್ ಕೇಬಲಿನದು. ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲ್ ಕಾರ್ಡಿಗೇ ಹೋಗಬೇಕು. ಬೂಟ್ ದೀಪವೊಂದೇ ಉಳಿದಿದ್ದರೆ ಖುಷಿಪಡಿ, ಎಸ್‌ಎಸ್‌ಡಿಯಲ್ಲಿ ಇನ್ನೂ ವಿಂಡೋಸ್ ಇಲ್ಲವಷ್ಟೇ.

ಹಳೆಯ ಬಯೋಸ್ (ಕಂಪ್ಯೂಟರನ್ನು ಮೊದಲು ಎಬ್ಬಿಸುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಕೂಡ ಕಾರಣವಾಗಬಹುದು, ಆದರೆ ನಿಮ್ಮ ಜೋಡಿಗೆ ಆ ಸಂಭವ ಕಡಿಮೆ. ಹಳೆಯ ಸ್ಟಾಕಿನ ಬಿ650 ಬೋರ್ಡಿಗೆ ರೈಝನ್ 9000 ಸರಣಿಯ ಚಿಪ್ ಹಾಕಿದವರು ಇದನ್ನೇ ಮೊದಲು ಶಂಕಿಸಬೇಕು. ಬೋರ್ಡಿನಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ (ಪೆನ್‌ಡ್ರೈವಿನಿಂದ ಬಯೋಸ್ ಹೊಸದಾಗಿಸುವ) ಬಟನ್ ಇದ್ದರೆ, ಫ್ಯಾಟ್32 ಮಾಡಿದ ಪೆನ್‌ಡ್ರೈವಿನಲ್ಲಿ ಮ್ಯಾನುವಲ್ ಹೇಳಿದ ಹೆಸರಿನಲ್ಲೇ ಫೈಲ್ ಇಟ್ಟು, ಗುರುತು ಮಾಡಿದ ಯುಎಸ್‌ಬಿ ಕಿಂಡಿಗೇ ಹಾಕಿ. ದೀಪ ಮಿನುಗುವುದು ನಿಲ್ಲುವ ತನಕ ಕರೆಂಟ್ ತೆಗೆಯಬಾರದು.

ಪ್ರಶ್ನೆ: ನನ್ನ ಹೊಸ ಕಂಪ್ಯೂಟರ್ ಎರಡು ಸೆಕೆಂಡ್ ಆನ್ ಆಗಿ ಆಫ್ ಆಗುತ್ತದೆ. ಮತ್ತೆ ತಾನೇ ಆನ್ ಆಗುತ್ತದೆ, ಮತ್ತೆ ಆಫ್. ಪವರ್ ಸಪ್ಲೈ ಹೊಸದು, ಕೇಬಲ್‌ಗಳು ಮಾತ್ರ ಹಳೆಯದರವು.

ಉತ್ತರ: ಮೊದಲು ಆ ಕೇಬಲ್‌ಗಳನ್ನು ಕಿತ್ತುಹಾಕಿ. ಕಳಚುವ ಕೇಬಲಿನ ಸಪ್ಲೈಗಳಲ್ಲಿ ಸಪ್ಲೈ ಪೆಟ್ಟಿಗೆಗೆ ಸಿಕ್ಕಿಸುವ ತುದಿಗೆ ಏಕರೂಪದ ನಿಯಮವಿಲ್ಲ. ಸಲೀಸಾಗಿ ಕೂತರೂ 12 ವೋಲ್ಟ್ ಬರಬಾರದ ಕಡೆ ಬಂದು ಎಸ್‌ಎಸ್‌ಡಿ ಸುಟ್ಟುಹೋಗಬಹುದು. ಹೊಸ ಸಪ್ಲೈ ಜೊತೆ ಬಂದ ಕೇಬಲ್‌ಗಳನ್ನೇ ಹಾಕಿ.

ಆಮೇಲೂ ಹಾಗೇ ಆದರೆ ಶಾರ್ಟ್ ಇರಬಹುದು. ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ಅದರದೇ ರಟ್ಟಿನ ಪೆಟ್ಟಿಗೆಯ ಮೇಲಿಡಿ. ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, 24 ಮತ್ತು 8 ಪಿನ್ ಇಷ್ಟೇ ಇರಲಿ. ಪವರ್ ಬಟನ್ನಿನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಆನ್ ಆಗಬೇಕು. ಇಲ್ಲಿ ಸರಿಯಾಗಿ ನಡೆದರೆ ಕ್ಯಾಬಿನೆಟ್ಟಿನೊಳಗೆ, ಬೋರ್ಡಿನಲ್ಲಿ ತೂತಿಲ್ಲದ ಜಾಗದಲ್ಲಿ ಹಿತ್ತಾಳೆಯ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಕಂಬ) ಒಂದು ಹೆಚ್ಚಿಗೆ ನಿಂತು ಬೋರ್ಡಿನ ಬೆನ್ನಿಗೆ ತಾಗುತ್ತಿದೆಯೇ ಹುಡುಕಿ.